ಫಕ್ಕೀರಪ್ಪನವರ ನಾಳದಲ್ಲೊಂದು ಔಷಧದ ಕಣ

ಕಣ್ಣಿಗೇ ಕಾಣದವನು ಕಥೆ ಹೇಳಹೊರಟರೆ ನಿಮಗೆ ನಗು ಬಂದೀತು. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಔಷಧದ ಒಂದು ಕಣ. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು ನನ್ನ ಅಳತೆ.

ನಾನು ಹುಟ್ಟಿದ್ದು ಧೂಳೇ ಇಲ್ಲದ ಒಂದು ಕೋಣೆಯಲ್ಲಿ. ಒಳಗೆ ಔಷಧ, ಮೇಲೆ ಕೊಬ್ಬಿನ ತೆಳು ಅಂಗಿ. ನನ್ನಂಥ ಕೋಟಿಗಟ್ಟಲೆ ಕಣಗಳನ್ನು ಪುಟ್ಟ ಬಲೂನೊಂದರ ಮೈಗೆ ಲೇಪಿಸಿ, ಒಣಗಿಸಿ, ಪೊಟ್ಟಣದಲ್ಲಿ ಮುಚ್ಚಿದರು. ಸರಿಯಾಗಿ ಅಂಟಿಕೊಂಡಿದ್ದೇನೋ ಇಲ್ಲವೋ ಎಂಬ ಚಿಂತೆ ನನಗೆ ಅಂದಿನಿಂದಲೇ.

ಪೊಟ್ಟಣ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಬಂತು. ಡಾಕ್ಟರ್ ಮಂದಾಕಿನಿ ಅದನ್ನು ಕೈಯಲ್ಲಿ ಹಿಡಿದು ಎದುರು ಕುಳಿತ ಫಕ್ಕೀರಪ್ಪನವರಿಗೆ ತೋರಿಸಿದರು. ಅವರದು ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ಅಂಗಡಿ. ಹೃದಯದ ನಾಳ ಕಟ್ಟಿ ಸ್ಟೆಂಟ್ ಹಾಕಿಸಿಕೊಂಡಿದ್ದರು. ಹತ್ತೇ ತಿಂಗಳಲ್ಲಿ ಅದೇ ಜಾಗ ಮತ್ತೆ ಕಿರಿದಾಗಿತ್ತು. ಟೈರು ಕಳಚಲು ಬಗ್ಗಿದರೆ ಎದೆ ಹಿಡಿಯುತ್ತಿತ್ತು.

"ಗಾಯ ಆಗೇತಿ ಅಂತ ತಿಳಿದು ನಾಳದ ಗ್ವಾಡಿ ಒಳಗ ಬೆಳಕೋತ ಬರ್ತೈತ್ರಿ," ಎಂದರು ಡಾಕ್ಟರ್. "ಅದನ್ನ ತಡಿಯಾಕ ಈ ಬಲೂನಿಗೆ ಔಷಧ ಹಚ್ಚ್ಯಾರ. ಒಂದು ನಿಮಿಷ ಉಬ್ಬಿಸಿ, ಔಷಧ ಗ್ವಾಡಿಗೆ ಹತ್ತಿಸಿ, ಬಲೂನು ಹೊರಗ ತಗೀತೀವಿ. ಇದಾದ ಮ್ಯಾಲೂ ಕಟ್ಟಿದ್ರ ಎದಿ ತೆರದು ಆಪರೇಷನ್ ಮಾಡಬೇಕಾಗ್ತೈತಿ."

"ಗಾಳಿ ಎಷ್ಟು ಹೊಡೀತೀರಿ, ಮೇಡಂ?"

"ಗಾಳಿ ಅಲ್ರಿ, ನೀರು. ಒತ್ತಡ ಮಾತ್ರ ನಿಮ್ಮ ಲಾರಿ ಟೈರಿಗಿಂತ ಜೋರು."

ಪಕ್ಕದಲ್ಲಿದ್ದ ಹೆಂಡತಿ ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡರು. "ಅಳಬ್ಯಾಡ," ಎಂದರು ಫಕ್ಕೀರಪ್ಪ. "ಮೂವತ್ತು ವರ್ಷ ರಬ್ಬರ್ ವಾಸನಿ ಕುಡದಾಂವ ನಾ. ಹಿಗ್ಗತೇನಿ, ಒಡ್ಯಂಗಿಲ್ಲ."

ಮರುದಿನ ಬೆಳಿಗ್ಗೆ ಪೊಟ್ಟಣ ಒಡೆದವರು ತಂತ್ರಜ್ಞ ವಿರೂಪಾಕ್ಷಪ್ಪ. ಸಾದಾ ಬಲೂನುಗಳನ್ನು ಉಪ್ಪುನೀರಿನಲ್ಲಿ ಅದ್ದಿ ಕೊಡುವುದು ಅವರ ಇಪ್ಪತ್ತು ವರ್ಷದ ರೂಢಿ. ಡಾಕ್ಟರ್ ಕಣ್ಣು ಪರದೆಯ ಮೇಲಿತ್ತು. ವಿರೂಪಾಕ್ಷಪ್ಪನವರ ಕೈ ತಾನಾಗಿಯೇ ಉಪ್ಪುನೀರಿನ ಬಟ್ಟಲಿನತ್ತ ಹೋಯಿತು. ನೀರು ತಗುಲಿದ್ದರೆ ನಾವು ಬಟ್ಟಲಲ್ಲೇ ತೊಳೆದುಹೋಗುತ್ತಿದ್ದೆವು. ಕೂಗಲು ನನಗೆ ಬಾಯಿಲ್ಲ.

ಎಚ್ಚರವಾಗಿಯೇ ಮಲಗಿದ್ದ ಫಕ್ಕೀರಪ್ಪ ಕತ್ತು ಹೊರಳಿಸಿ ಅಬ್ಬರಿಸಿದರು: "ಏ ಅಣ್ಣಾ! ಪ್ಯಾಚಿಗೆ ಅಂಟು ಸೊಲ್ಯೂಷನ್ ಹಚ್ಚಿದ ಮ್ಯಾಲ ನೀರಾಗ ಅದ್ದತಾರೇನೋ? ಪ್ಯಾಚ್ ನಿಂದರಂಗಿಲ್ಲ!"

ಕೈ ನಿಂತಿತು, ನೀರಿಗೆ ಎರಡು ಬೆರಳು ಮೇಲೆ. ವಿರೂಪಾಕ್ಷಪ್ಪ ಮಾಸ್ಕಿನೊಳಗೇ ನಾಲಿಗೆ ಕಚ್ಚಿಕೊಂಡರು.

"ಇವತ್ತ ನೀವ ಮೇಸ್ತ್ರಿ, ಫಕ್ಕೀರಪ್ಪಾರ," ಎಂದು ಡಾಕ್ಟರ್ ನಕ್ಕುಬಿಟ್ಟರು.

ಮಣಿಕಟ್ಟಿನಿಂದ ಹೊರಟು, ತೋಳು ದಾಟಿ, ಹೃದಯ ಮುಟ್ಟಿದೆವು. ಬಲೂನು ಉಬ್ಬಿ ನನ್ನನ್ನು ನಾಳದ ಗೋಡೆಗೆ ಅದುಮಿತು. ಎಷ್ಟೋ ಜೊತೆಗಾರರು ರಕ್ತದಲ್ಲಿ ಹರಿದುಹೋದರು. ಬಲೂನು ಕಸದ ಡಬ್ಬಿ ಸೇರಿತು. ನಾನು ಹೇಗೆ ಉಳಿದೆನೋ, ಅದರಲ್ಲಿ ನನ್ನ ಜಾಣತನವೇನೂ ಇಲ್ಲ.

ಅಂದಿನಿಂದ ನನ್ನದು ಒಂದೇ ಕೆಲಸ. ಸುತ್ತಲಿನ ಜೀವಕೋಶಗಳು "ಬೆಳೆಯೋಣವೇ?" ಎಂದು ಕೇಳಿದಾಗಲೆಲ್ಲ ಔಷಧ ಚೂರೇ ಚೂರು ಬಿಟ್ಟು "ಈಗ ಬೇಡ" ಎನ್ನುವುದು. ಇಂದು ಹೆಚ್ಚು ಕೊಟ್ಟುಬಿಟ್ಟೆನೇ, ನಾಳೆಗೆ ಉಳಿದೀತೇ ಎಂದು ದಿನವೂ ಲೆಕ್ಕ ತಪ್ಪುತ್ತೇನೆ.

ಮೂರನೆಯ ತಿಂಗಳು ಡಾಕ್ಟರ್ ಫಕ್ಕೀರಪ್ಪನವರನ್ನು ಯಂತ್ರದ ಮೇಲೆ ನಡೆಸಿ ನೋಡಿದರು. ಎದೆ ಹಿಡಿಯಲಿಲ್ಲ. ಅವರು ಮತ್ತೆ ಅಂಗಡಿ ತೆರೆದರು. ಈಗ ಅವರು ಬಗ್ಗಿದಾಗ ರಕ್ತ ನನ್ನ ಪಕ್ಕದಲ್ಲೇ ಧುಮುಕಿ ಹೋಗುತ್ತದೆ. ಆ ಸದ್ದು ಕೇಳಿದರೆ ನನ್ನ ಚಿಂತೆ ಅರೆಗಳಿಗೆ ಸುಮ್ಮನಿರುತ್ತದೆ.

ಹೋದ ಸಲ ನಾಳ ಮತ್ತೆ ಕಿರಿದಾಗಿದ್ದು ಹತ್ತನೆಯ ತಿಂಗಳಲ್ಲಿ; ಈ ಸಲ ಆ ತಿಂಗಳು ಇನ್ನೂ ದೂರವಿದೆ. ಅಲ್ಲಿಯವರೆಗೆ ನಾನಿರುವುದಿಲ್ಲ. ನನ್ನ ಅಂಗಿ ಆಗಲೇ ಸವೆದಿದೆ, ಒಳಗಿನ ಔಷಧ ತಳ ಕಾಣುತ್ತಿದೆ.

ನಿನ್ನೆ ಅಂಗಡಿಗೆ ಬಂದ ಒಬ್ಬ ಲಾರಿ ಡ್ರೈವರ್ ಕೇಳಿದ: "ಕಾಕಾ, ಈ ಪ್ಯಾಚ್ ಎಷ್ಟು ದಿನಾ ತಡೀತೈತಿ?"

"ಟೈರು ಹೋದ್ರೂ ಪ್ಯಾಚ್ ಹೋಗಂಗಿಲ್ಲ" ಎನ್ನುವುದು ಅವರ ಮೂವತ್ತು ವರ್ಷದ ಉತ್ತರ. ನಿನ್ನೆ ಮಾತ್ರ ಅಂಗೈಯನ್ನು ಎದೆಗೆ ಒರೆಸಿಕೊಂಡು ಹೇಳಿದರು:

"ಹಚ್ಚೂದು ಚಂದಂಗ ಹಚ್ಚೇನಿ, ತಮ್ಮಾ. ಮುಂದಿಂದು ನನಗ ಗೊತ್ತಿಲ್ಲ. ನೀ ಗಾಡಿ ಬಿಡು."

ನನಗೂ ಗೊತ್ತಿಲ್ಲ.