ಸೊಲಾಂಜ್ ಬಾಯಿ ಮುಚ್ಚಿಕೊಂಡು ಕೂತ ಮಧ್ಯಾಹ್ನ

ನನ್ನ ಹೆಂಡತಿ ಸೊಲಾಂಜ್ ಹತ್ತಿರ ಬೈಸಿಕೊಳ್ಳಲು ಲಿಯೋಂ ಊರಿನ ಹೆಂಗಸರು ದುಡ್ಡು ಕೊಟ್ಟು ಬರುತ್ತಿದ್ದರು. ನಾನು ಪುಕ್ಕಟೆ ಬೈಸಿಕೊಳ್ಳುತ್ತಿದ್ದೆ. ಅಷ್ಟರಮಟ್ಟಿಗೆ ಮದುವೆಯಿಂದ ನನಗೆ ಲಾಭವೇ ಎನ್ನಿ.

ಕ್ರೊವಾ-ರೂಸ್ ಗುಡ್ಡದ ಮೇಲೆ ನಮ್ಮ ಮನೆ. ನಮ್ಮ ಅಡುಗೆಮನೆಯೇ ಅವಳ ಪಾಠಶಾಲೆ. ವಕೀಲರ ಹೆಂಡತಿಯರು, ಹೊಸದಾಗಿ ಮದುವೆಯಾದ ಹುಡುಗಿಯರು, ಪಾದ್ರಿಯ ಮನೆಗೆಲಸದಾಕೆ, ಎಲ್ಲರೂ ಏಪ್ರನ್ ಕಟ್ಟಿಕೊಂಡು ಒಲೆಯ ಸುತ್ತ ನಿಲ್ಲುತ್ತಿದ್ದರು. ಇವಳು ಶುರು ಮಾಡುತ್ತಿದ್ದಳು: "ಏನಮ್ಮಾ, ಈರುಳ್ಳಿ ಹೆಚ್ತಿದೀಯೋ, ಸೌದೆ ಒಡೀತಿದೀಯೋ? ಅಯ್ಯೋ, ಬೆಣ್ಣೆ ಏನು ಪಾಪ ಮಾಡಿತ್ತೇ ನಿಂಗೆ, ಹಂಗ್ ಸುಡ್ತಿದೀಯಲ್ಲ!" ಬೈಸಿಕೊಂಡವರು ಮುನಿಸಿಕೊಳ್ಳುವುದಿರಲಿ, ಮುಂದಿನ ವಾರ ಗೆಳತಿಯನ್ನೂ ಜೊತೆಗೆ ಕರೆತರುತ್ತಿದ್ದರು. ನಾನು ಗುಡ್ಡ ಹತ್ತಿಳಿಯುವ, ಹಗ್ಗ ಎಳೆಯುವ ರೈಲು ಓಡಿಸುತ್ತಿದ್ದವನು. ಬೆಳಗಿನ ಪಾಳಿ ಮುಗಿಸಿ ಬಂದು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದೆ. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ.

ಒಂದು ವರ್ಷ ಅವಳ ಮಂಡಿಗಳು ಕೈಕೊಟ್ಟವು. ಇನ್ನು ನಿಂತು ಪಾಠ ಮಾಡುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿಬಿಟ್ಟರು. ಈಸ್ಟರ್ ಕಳೆದ ಮೇಲೆ ಪಾಠ ನಿಂತಿತು, ಮನೆ ಬಿಕೋ ಎನ್ನತೊಡಗಿತು. ಉಳಿದದ್ದು ಅವಳು ಬರೆದಿಟ್ಟಿದ್ದ ಅಡುಗೆ ಪುಸ್ತಕ ಒಂದೇ.

"ಇದು ಅಚ್ಚಾಗ್ಲಿಲ್ಲ ಅಂದ್ರೆ ನಾನು ಕಲ್ಸಿದ್ದೆಲ್ಲಾ ನನ್ ಜೊತೇನೇ ಮಣ್ಣಿಗೆ ಹೋಗುತ್ತೆ, ಆಂತೆಲ್ಮ್," ಅಂದಳು ಒಂದು ದಿನ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಪುಸ್ತಕವನ್ನು ಪ್ಯಾರಿಸ್ಸಿನ ಪ್ರಕಾಶಕ ಮೊಸ್ಯೂ ಬೊನಾಮಿ ಅವರಿಗೆ ಕಳಿಸಿದೆವು. ಅವರು ಓದಿ, ಒಂದು ಭಾನುವಾರ ಊಟಕ್ಕೆ ಬಂದು ತೀರ್ಮಾನ ತಿಳಿಸುತ್ತೇನೆಂದರು. ಬಂದರು. ನಮ್ಮಲ್ಲಿ ಮರ್ಯಾದಸ್ಥರು ಬರುವಂತೆ ಕಾಲು ಗಂಟೆ ತಡವಾಗಿ, ಕೈಯಲ್ಲಿ ಹೂವು, ಕಂಕುಳಲ್ಲಿ ನಮ್ಮ ಪುಸ್ತಕ ಹಿಡಿದು ಬಂದರು. ದುಂಡು ಮುಖ, ದುಂಡು ಹೊಟ್ಟೆ. ಊಟದ ಮೇಲೆ ಪ್ರೀತಿಯಿರುವವರು ಎಂದು ನೋಡಿದೊಡನೆ ಗೊತ್ತಾಯಿತು. ನನಗೆ ಧೈರ್ಯ ಬಂತು.

ಮೇಜಿನ ಮೇಲೆ ಬೇಯಿಸಿ ತಣಿಸಿದ ಮೀನು ಮೈಚಾಚಿ ಮಲಗಿತ್ತು. ಅದರ ಜೊತೆಗೆ ನೆಂಚಿಕೊಳ್ಳಲು ಮೊಟ್ಟೆ, ಎಣ್ಣೆಯ ಮಯೊನೇಸ್ ಕಡೆಯುವುದೊಂದೇ ಬಾಕಿ. ಸೊಲಾಂಜ್ ಬೋಗುಣಿಗೆ ಕೈ ಹಾಕಿದಳೋ ಇಲ್ಲವೋ, ಬೊನಾಮಿ ತಡೆದರು.

"ಮದಾಮ್, ಒಂದ್ನಿಮಿಷ. ನಿಮ್ ಕೈರುಚಿ ಬಗ್ಗೆ ನಂಗೆ ಅನುಮಾನ ಇಲ್ಲ. ಆದ್ರೆ ಪುಸ್ತಕ ಕೊಂಡ್ಕೊಂಡೋರ ಮನೆಗೆ ನೀವು ಹೋಗಲ್ವಲ್ಲ, ಪುಸ್ತಕ ಮಾತ್ರ ಹೋಗೋದು. ಅದೊಂದೇ ಕಲ್ಸುತ್ತಾ ಅಂತ ನೋಡ್ಬೇಕು. ಈ ಮನೇಲಿ ಅಡುಗೆ ಗೊತ್ತಿಲ್ದೇ ಇರೋರು ಯಾರಾದ್ರೂ ಇದಾರಾ?"

ಇಬ್ಬರೂ ನನ್ನತ್ತ ತಿರುಗಿದರು. ನಾನು ಜೀವಮಾನದಲ್ಲಿ ಒಂದು ಮೊಟ್ಟೆಯನ್ನೂ ಬೇಯಿಸಿದವನಲ್ಲ. ಮನೆಯಲ್ಲಿ ಸೊಲಾಂಜಳಂಥವಳು ಇರುವಾಗ ನಾನು ಒಲೆ ಹಚ್ಚುವುದೆಂದರೆ ಅಧಿಕಪ್ರಸಂಗವಲ್ಲವೇ?

"ಮೊಸ್ಯೂ ಆಂತೆಲ್ಮ್ ಪುಸ್ತಕ ನೋಡ್ಕೊಂಡು ಮಯೊನೇಸ್ ಮಾಡ್ಲಿ. ಮಾಡಿದ್ರೆ ಅಚ್ಚು ಹಾಕ್ತೀನಿ. ಆದ್ರೆ ಮದಾಮ್, ನಾನು ಹೇಳೋವರ್ಗೂ ನೀವು ತುಟಿ ಪಿಟಕ್ ಅನ್ಬಾರ್ದು."

"ಇವನಾ!" ಎಂದಳು ಸೊಲಾಂಜ್. "ಇವನು ಕಾಫಿಗೆ ಸಕ್ಕರೆ ಹಾಕಿದ್ರೂ ಉಕ್ಕಿಸ್ತಾನೆ ಮೊಸ್ಯೂ! ನಾನು ಸುಮ್ನಿರ್ಬೇಕಾ? ಸಾಧ್ಯಾನೇ ಇಲ್ಲ..."

ಬೊನಾಮಿ ನಗುತ್ತಲೇ, ಹೊರಟುಬಿಡಲೇ ಎನ್ನುವಂತೆ ತಮ್ಮ ಟೋಪಿಯತ್ತ ನೋಡಿದರು. ಅವಳು ಬ್ರೆಡ್ಡಿನ ತುದಿಯೊಂದನ್ನು ಬಾಯಿಗೆ ತುರುಕಿಕೊಂಡು ಕುರ್ಚಿಯಲ್ಲಿ ಕುಕ್ಕರಿಸಿದಳು.

ನಾನು ಏಪ್ರನ್ ಕಟ್ಟಿಕೊಂಡೆ. ಅದೂ ಹಿಂದುಮುಂದಾಗಿ. ಮಯೊನೇಸಿನ ಪುಟ ತೆರೆದು ಗಟ್ಟಿಯಾಗಿ ಓದಿದೆ: "ಅಂಡದ ಪೀತಭಾಗವನ್ನು ಪಾತ್ರೆಯಲ್ಲಿರಿಸಿ, ಸರ್ಷಪದೊಡನೆ ಸಮ್ಮಿಶ್ರಗೊಳಿಸಿ, ತದನಂತರ ತೈಲವನ್ನು ಯಥೋಚಿತವಾಗಿ ಸಂಯೋಜಿಸತಕ್ಕದ್ದು."

ದೇವರೇ! ಇದು ನನ್ನ ಸೊಲಾಂಜಳ ಮಾತೇ? ಅವಳ ಮೇಲೂ ತಪ್ಪು ಹೊರಿಸುವಂತಿಲ್ಲ. ನಮ್ಮ ಕಡೆ ಮಕ್ಕಳಿಗೆ ಸನ್ಯಾಸಿನಿಯರು ಕಲಿಸುವುದೇ ಹಾಗೆ. ಬಾಯಲ್ಲಿ ಏನು ಬೇಕಾದರೂ ಆಡು, ಬರೆಯಲು ಕೂತೆಯೋ, ಭಾನುವಾರದ ಚರ್ಚಿನ ಕೋಟು ತೊಟ್ಟು ಸೆಟೆದು ನಿಲ್ಲಬೇಕು. ತರಕಾರಿ ಅಂಗಡಿಯವನಿಗೆ ಚೀಟಿ ಬರೆಯುವಾಗಲೂ ನಾವೆಲ್ಲ ಮಂತ್ರಿಗಳೇ. ಅವಳು ಅದನ್ನೇ ಮಾಡಿದ್ದಳು, ಪುಸ್ತಕದ ಉದ್ದಕ್ಕೂ.

ಇರಲಿ. ಮೊಟ್ಟೆ ಒಡೆದೆ. ಹಳದಿ ಬೋಗುಣಿಗೆ ಬಿತ್ತು, ಬಿಳಿ ನನ್ನ ಶೂ ಮೇಲೆ ಬಿತ್ತು. ಅರೆದ ಸಾಸಿವೆ ಹಾಕಿದೆ. ಇನ್ನು ತೈಲ ಯಥೋಚಿತವಾಗಿ. ಯಥೋಚಿತ ಎಂದರೆ ಎಷ್ಟಪ್ಪಾ? ಭಾನುವಾರ ಬೇರೆ, ದೊಡ್ಡ ಮನುಷ್ಯರು ಬೇರೆ ಬಂದಿದ್ದಾರೆ, ಜಿಪುಣತನ ಯಾಕೆ ಅಂತ ಸೀಸೆ ಬಗ್ಗಿಸಿ ಗಳಗಳ ಸುರಿದೆ.

ಕಡೆದೆ. ಕಡೆದೇ ಕಡೆದೆ. ಹಳದಿ ಒಂದು ಕಡೆ, ಎಣ್ಣೆ ಒಂದು ಕಡೆ. ಜಗಳವಾಡಿಕೊಂಡ ಗಂಡ ಹೆಂಡತಿ ಹಾಸಿಗೆಯ ಎರಡು ತುದಿಗೆ ಮಲಗಿದ ಹಾಗೆ. ಮಯೊನೇಸ್ ಒಡೆದುಹೋಗಿತ್ತು.

ಸೊಲಾಂಜಳ ಮುಖ ಬೀಟ್‌ರೂಟಿನಂತಾಯಿತು. ಬ್ರೆಡ್ಡನ್ನು ಕಚಕಚ ಕಚ್ಚುತ್ತಿದ್ದಳು, ಬಾಯಿ ಮಾತ್ರ ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ನಾನು ಪುಟ ತಿರುವಿದೆ. ಒಡೆದರೆ ಏನು ಮಾಡಬೇಕೆಂದು ಒಂದು ಸಾಲೂ ಇರಲಿಲ್ಲ. ಬೊನಾಮಿ ನಿಟ್ಟುಸಿರು ಬಿಟ್ಟು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡರು. ಪುಸ್ತಕ ಹೋಯಿತು. ಅವಳ ಬದುಕೆಲ್ಲ ನನ್ನ ಕೈಯಲ್ಲೇ ಒಡೆದುಹೋಯಿತಲ್ಲ!

ಆಗ ನನ್ನ ಬಾಯಿಂದ ಏನು ಬಂತೋ ಬಂತು. ಯೋಚಿಸಿ ಆಡಿದ್ದಲ್ಲ.

"ಅಯ್ಯೋ ಮಂಕುದಿಣ್ಣೇ! ಅದೇನು ಮೊಟ್ಟೆಗೆ ಸ್ನಾನ ಮಾಡಿಸ್ತಿದೀಯಾ? ತೊಟ್ಟು ತೊಟ್ಟು ಅಂದ್ರೆ ಕಿವಿ ಕೇಳಲ್ವಾ ನಿಂಗೆ? ಅಳ್ಬೇಡ! ಅತ್ರೆ ಮಯೊನೇಸ್ ಕೂಡ್ಕೊಳುತ್ತಾ? ಬೇರೆ ಬೋಗುಣಿ ತಗೋ, ಒಣಗಿರ್ಲಿ! ಹೊಸ ಹಳದಿ ಹಾಕು! ಒಡೆದಿರೋದನ್ನ ಒಂದೊಂದೇ ಚಮಚ ಅದಕ್ಕೆ ಬಿಡು. ಕೈ ನಿಲ್ಲಿಸ್ಬೇಡ ಕಣೇ! ಹಾಂ, ಹಂಗೆ. ಈಗ ಇನ್ನೊಂದ್ ಚಮಚ. ಅವಸರ ಯಾಕೆ, ರೈಲ್ ತಪ್ಪೋಗುತ್ತಾ?"

ದನಿ ನನ್ನದು, ಮಾತೆಲ್ಲ ಅವಳದ್ದು. ನನ್ನನ್ನು ನಾನೇ ಬೈದುಕೊಳ್ಳುತ್ತಾ ನಾನು ಹೇಳಿದ್ದನ್ನೆಲ್ಲ ನಾನೇ ಮಾಡಿದೆ. ಬೋಗುಣಿಯಲ್ಲಿ ಮೊದಲು ಮಬ್ಬಾಯಿತು, ಆಮೇಲೆ ಮಂದವಾಯಿತು, ಆಮೇಲೆ, ನೋಡಿ, ಚಮಚ ನೆಟ್ಟರೆ ನಿಲ್ಲುವಂಥ ಹೊಳೆಯುವ ಮಯೊನೇಸ್! ನಾನು ಬೋಗುಣಿ ಎತ್ತಿಕೊಂಡು ಕುಣಿದೇಬಿಟ್ಟೆ. ಈ ವಯಸ್ಸಿನಲ್ಲಿ, ಹಿಂದುಮುಂದಾದ ಏಪ್ರನ್ನಿನಲ್ಲಿ.

ಬೊನಾಮಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಇದು ಯಾವ ಪುಟದಲ್ಲಿದೆ ಮೊಸ್ಯೂ? ನಾನು ಓದಿದ ನೆನಪೇ ಇಲ್ವಲ್ಲ!"

"ಪುಟದಲ್ಲಿಲ್ಲ. ಆ ಗೋಡೇಲಿದೆ," ಎಂದು ಹಲಗೆಯ ಗೋಡೆ ತೋರಿಸಿದೆ.

ಅವರು ಎದ್ದು ಬಂದು ಬೋಗುಣಿಗೆ ಬೆರಳು ಅದ್ದಿ ನೆಕ್ಕಿದರು. "ಮದಾಮ್, ಈ ಪುಸ್ತಕ ನಾನು ಅಚ್ಚು ಹಾಕಲ್ಲ. ಈಗ ನಿಮ್ ಯಜಮಾನ್ರು ಬೈದ್ರಲ್ಲ, ಆ ಪುಸ್ತಕ ಹಾಕ್ತೀನಿ. ಬರ್ಕೊಡ್ತೀರಾ? ಈಗ ಮಾತಾಡಿ."

ಸೊಲಾಂಜ್ ಬ್ರೆಡ್ಡು ಉಗುಳಿದಳು. ಈಗ ಮನೆ ಹಾರಿಹೋಗುವ ಹಾಗೆ ಕೂಗುತ್ತಾಳೆಂದು ನಾನು ತೋಳಿನಿಂದ ತಲೆ ಮುಚ್ಚಿಕೊಂಡೆ. ಬೊನಾಮಿ ಇರುವುದನ್ನೇ ಮರೆತವಳ ಹಾಗೆ ಅವಳು ನನ್ನನ್ನು ನೋಡಿದಳು.

"ಆಂತೆಲ್ಮ್, ಇಷ್ಟು ವರ್ಷ ನೀನು ಆ ಕಡೆ ನಿದ್ದೆ ಮಾಡ್ತಿದ್ದೆ ಅಂದ್ಕೊಂಡಿದ್ದೆ."

"ಮಾಡ್ತಿದ್ದೆ ಕಣೇ. ನಿನ್ ದನಿ ನಿಂತಾಗ ಎಚ್ಚರ ಆಗ್ತಿತ್ತು," ಅಂದೆ. "ಈಸ್ಟರ್ ಕಳೆದ್ಮೇಲೆ ನಂಗೆ ನಿದ್ದೇನೇ ಇಲ್ಲ."

ಅವಳು ಮೂಗೊರೆಸಿಕೊಂಡಳು. ಕುರ್ಚಿಯನ್ನು ಒಲೆಯ ಕಡೆ ಎಳೆದುಕೊಂಡಳು.

"ಮೊಸ್ಯೂ ಬೊನಾಮಿ, ಪೆನ್ನು ತೆಗೀರಿ. ಏನು ಬೊಂಬೆ ಥರ ನಿಂತಿದೀರಿ? ಏ ಆಂತೆಲ್ಮ್, ಆ ಕುಣಿತ ಸಾಕು, ಇನ್ನೊಂದು ಮೊಟ್ಟೆ ತಗೋ, ಮೊದಲ್ನಿಂದ ಮಾಡು. ಈ ಸಲ ಬಿಳಿಯನ್ನ ಶೂ ಮೇಲೆ ಬೀಳಿಸಿದ್ರೆ ನೋಡು!"

ಬೀಳಿಸಿದೆ. ಬೇಕೆಂದೇ.