ಎದ್ದ ಕೂಡಲೇ ಹಾಸಿಗೆ

ಕನ್ನಡಕ ಇಷ್ಟು ಶುಭ್ರವಾಗಿ ಯಾವತ್ತಿತ್ತು, ಗಾಜೇ ಇಲ್ಲವೇನೋ ಎಂಬಷ್ಟು, ಮೈಕಿಗೆ ತೊಡಿಸಿದ ಸ್ಪಂಜಿನ ಒಂದೊಂದು ತೂತೂ ಕಾಣುತ್ತಿದೆ, ಮೇಜಿನ ಅಂಚಿಗೆ ಯಾರೋ ಉಗುರಿನಿಂದ ಕೆರೆದ ಗೀರು, ಸ್ಟುಡಿಯೋದ ದೊಡ್ಡ ಗಾಜಿನ ಆಚೆ ಮೀಸೆ — ಮೀಸೆ ಬೋಳಿಸಿ ಎಷ್ಟು ವರ್ಷವಾದರೂ ನಮ್ಮ ಸೌಂಡ್ ಎಂಜಿನಿಯರನ್ನು ಆ ಹೆಸರು ಬಿಟ್ಟಿಲ್ಲ — ಚಹಾ ಊದಿ ಊದಿ ಕುಡಿಯುವುದು, ಎಲ್ಲ ಎಷ್ಟು ಸ್ಪಷ್ಟ, ಇವರೇ ಒರೆಸಿ ಕೊಟ್ಟದ್ದು ಈ ಬೆಳಿಗ್ಗೆ, ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ, ಕೊಡು ಇಲ್ಲಿ, ಏನಿದು ಹೀಗೆ ಮಂಕಾಗಿದೆ, ಕನ್ನಡಕದ ಅಂಗಡಿಯವನ ಹೆಂಡತಿ ಅಂತ ಎಲ್ಲೂ ಹೇಳ್ಕೋಬೇಡ, ಆ ಮೆತ್ತನೆಯ ಹಳದಿ ಬಟ್ಟೆ ತೆಗೆದು, ಗಿರಾಕಿಗಳಿಗೆ ಒರೆಸಿ ಕೊಡುತ್ತಿದ್ದ ಹಾಗೇ ಒಳಗೊಂದು ಸುತ್ತು ಹೊರಗೊಂದು ಸುತ್ತು, ಆಮೇಲೆ ತಾವೇ ನನ್ನ ಕಿವಿಗೆ ಸಿಕ್ಕಿಸಿ, ಈಗ ನೋಡು ಅಂದರು, ನೋಡಿದೆ, ಗಡ್ಡ ಬೋಳಿಸಿದ ಮುಖ, ಎಷ್ಟು ದಿನವಾಗಿತ್ತು ಆ ಗಲ್ಲ ಕಂಡು, ಹಾಲು ಕುಡಿದಷ್ಟು ಸಂತೋಷ ಆಯಿತು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ನಕ್ಕೆ.

ಇನ್ನೇನು ಕೆಂಪು ದೀಪ ಹತ್ತುತ್ತದೆ, ಹತ್ತಿತೆಂದರೆ ನೇರ ಪ್ರಸಾರ, ಗೆಲುವಿನ ಅಭ್ಯಾಸ, ಪ್ರತಿದಿನ ಬೆಳಿಗ್ಗೆ ಐದು ನಿಮಿಷ, ನಿಮ್ಮ ಬೆಳಗಿನ ಅಕ್ಕ ಮಾತಾಡುತ್ತಿದ್ದೇನೆ, ಎದ್ದ ಕೂಡಲೇ ಹಾಸಿಗೆ ಸರಿಮಾಡಿ, ದಿನದ ಮೊದಲ ಗೆಲುವು ಅದೇ — ತರಕಾರಿ ಅಂಗಡಿಯಲ್ಲೂ ಜನ ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳುತ್ತಾರೆ, ಅಕ್ಕಾ, ನಿಮ್ಮ ಪುಣ್ಯ, ನಮ್ಮ ಯಜಮಾನರೂ ಈಗ ಹಾಸಿಗೆ ಸರಿಮಾಡ್ತಾರೆ, ನಾನು ಹೌದಾ ಅಂತ ನಗುತ್ತೇನೆ, ನಮ್ಮ ಮನೆಯಲ್ಲಿ ಸರಿಮಾಡುವುದೆಲ್ಲಿ ಬಂತು, ಅದರ ಮೇಲೆ ಇವರು ಮಲಗಿದ್ದಾರೆ, ಗೋಡೆಗೆ ಮುಖ ಮಾಡಿ, ಮಳೆ ಹೋಗಿ ಚಳಿ ಬಂತು, ಇವರು ಹೊರಳಲಿಲ್ಲ, ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ ಅಂದರೆ ಇದೇ, ನನ್ನ ಅರ್ಧ ಹಾಸಿಗೆ ನಾನು ಎಳೆದು ಸರಿಮಾಡುತ್ತೇನೆ, ಉಳಿದರ್ಧದಲ್ಲಿ ಇವರ ಬೆನ್ನು, ರೀ ಏಳ್ರೀ, ಏಳ್ತೀನಿ ಕಣೇ, ಏನಾಗ್ತಿದೆ ಹೇಳ್ರೀ, ಏನೂ ಇಲ್ಲ, ಭಾರ, ಎಲ್ಲಿ ಭಾರ, ಗೊತ್ತಿಲ್ಲ, ಇವರು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯ ಮಾಲೀಕರು ಪಾಪ ಇವರ ಸ್ಟೂಲಿನಲ್ಲಿ ಇನ್ನೂ ಬೇರೆಯವರನ್ನು ಕೂರಿಸಿಲ್ಲ, ಬರಲಿ ಬಿಡಿ ನಿಧಾನಕ್ಕೆ ಅನ್ನುತ್ತಾರೆ, ನನಗೇ ನಿಧಾನ ಇಲ್ಲ, ಎದ್ದು ನೀರು ಕುಡೀರಿ, ಬಿಸಿಲಲ್ಲಿ ನಾಲ್ಕು ಹೆಜ್ಜೆ ನಡೀರಿ, ಇವತ್ತು ಒಂದೇ ಒಂದು ಸಣ್ಣ ಕೆಲಸ ಮಾಡ್ರೀ, ಆ ರೇಡಿಯೋ ಆರಿಸೇ ಅಂದರು ಒಂದು ದಿನ, ರೇಡಿಯೋ ಎಲ್ಲಿ ಹಾಕಿದೆ ಅಂದೆ, ನಿನ್ನನ್ನೇ ಹೇಳಿದ್ದು ಅಂದರು, ಇಬ್ಬರಿಗೂ ನಗು ಬಂತು, ಅದೇ ಕೊನೆ ಇರಬೇಕು ಒಟ್ಟಿಗೆ ನಕ್ಕದ್ದು, ಎದುರು ಮನೆ ಅಜ್ಜಿಯ ರೇಡಿಯೋ ಮಾತ್ರ ಆರುವುದೇ ಇಲ್ಲ, ಕಿವಿ ಮಂದ, ಜೋರಾಗಿ ಹಾಕುತ್ತಾರೆ, ಇಡೀ ಮಹಡಿಗೆ ನನ್ನ ಉಪದೇಶ ಪುಕ್ಕಟೆ, ಮನೇಲೂ ನೀನೇ, ಗೋಡೆ ಒಳಗೂ ನೀನೇ, ಎಲ್ಲಿಗೆ ಹೋಗಲಿ ನಾನು ಅನ್ನುತ್ತಿದ್ದರು ಇವರು — ಎಲ್ಲಿಗೆ ಹೋಗಲಿ, ತಮಾಷೆಗೆ ಅಂದದ್ದು ತಾನೇ, ಸ್ಟುಡಿಯೋಕ್ಕೆ ಬರುವ ಮುಂಚೆ ಫೋನ್ ಮಾಡಿದೆ, ಎತ್ತಲಿಲ್ಲ, ಸ್ನಾನಕ್ಕೆ ಹೋಗಿರಬೇಕು ಅಂದುಕೊಂಡು ಫೋನನ್ನು ಹೊರಗಿನ ತಟ್ಟೆಯಲ್ಲಿ ಇಟ್ಟು ಬಂದೆ, ಒಳಗೆ ತರುವ ಹಾಗಿಲ್ಲ — ಆದರೆ ಸ್ನಾನ ಆಗಿತ್ತಲ್ಲ, ನನಗಿಂತ ಮೊದಲೇ ಆಗಿತ್ತಲ್ಲ, ಒದ್ದೆ ತಲೆ ನೋಡಿದೆನಲ್ಲ.

ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಹಾಸಿಗೆ ಸರಿಮಾಡಿಯಾಗಿತ್ತು, ನಾನೇ ಬಾಯಿ ಬಿಟ್ಟುಕೊಂಡು ನಿಂತೆ, ಹೊದಿಕೆಯಲ್ಲಿ ಒಂದು ಸುಕ್ಕಿಲ್ಲ, ನಾಲ್ಕೂ ಮೂಲೆ ಸಮ, ತಲೆಯ ಕಡೆ ದಿಂಬು, ನೀಲಿ ಕವರಿನದು, ನನ್ನದು, ಅಯ್ಯೋ ನನಗೆ ಇದನ್ನೆಲ್ಲ ನೋಡೋ ಅಭ್ಯಾಸಾನೇ ತಪ್ಪಿಹೋಗಿದೆ ಕಣ್ರೀ ಅಂದೆ, ಆಗುತ್ತೆ ಬಿಡು, ಅಭ್ಯಾಸ ಆಗುತ್ತೆ ಅಂದರು, ಎಷ್ಟು ಮೃದುವಾಗಿ ಅಂದರು, ಮಗುವಿಗೆ ಹೇಳಿದ ಹಾಗೆ, ಆ ದನಿ ಕೇಳಿಯೇ ನನ್ನ ಜೀವ ತಣ್ಣಗಾಯಿತು, ಗೆದ್ದೆ ಅಂದುಕೊಂಡೆ, ನನ್ನ ಐದು ನಿಮಿಷ ಕೊನೆಗೂ ನನ್ನ ಮನೆಗೆ ಹೊಕ್ಕಿತು ಅಂದುಕೊಂಡೆ, ಇವತ್ತಿನ ಮಾತಿಗೆ ಅದನ್ನೇ ಉದಾಹರಣೆ ಕೊಡೋಣ, ಹೆಸರು ಹೇಳದೆ, ನನಗೆ ಗೊತ್ತಿರುವ ಒಬ್ಬರು ಅಂತ, ಸೋಲಬೇಡಿ, ಒಂದು ಹಾಸಿಗೆಯಿಂದ ಶುರುಮಾಡಿ ಅಂತ — ದಿಂಬು ಒಂದೇ ಇತ್ತು, ಕವರು ಒಗೆಯೋಕೆ ಹಾಕಿರಬೇಕು, ಕವರು ಹಾಕಿದರೆ ದಿಂಬೆಲ್ಲಿ ಹೋಗುತ್ತದೆ, ಕಪಾಟಿನಲ್ಲಿ ಇಟ್ಟಿರಬೇಕು, ಯಾಕೆ ಇಡುತ್ತಾರೆ, ರಾತ್ರಿ ಬೇಡವೇ, ಅದೂ ನನ್ನ ದಿಂಬು ನನ್ನ ಜಾಗದಲ್ಲಿ ಇರಲಿಲ್ಲ, ಹಾಸಿಗೆಯ ನಟ್ಟನಡುವೆ ಇತ್ತು, ಒಬ್ಬರೇ ಮಲಗುವ ಹಾಸಿಗೆಯ ಹಾಗೆ, ಇವರನ್ನು ನೋಡುವ ಡಾಕ್ಟರಮ್ಮ ಏನೋ ಹೇಳಿದ್ದರು, ಮಾತ್ರೆ ಚೀಟಿ ಮಡಿಸುತ್ತಾ ಕೇಳಿಸಿಕೊಂಡೆ, ಅಳ್ತಿದ್ರೆ, ರೇಗ್ತಿದ್ರೆ ಅಷ್ಟು ಗಾಬರಿ ಬೇಡಮ್ಮ, ಇದ್ದಕ್ಕಿದ್ದ ಹಾಗೆ ಹಗುರಾಗಿಬಿಟ್ರೆ, ಎಲ್ಲ ಸರಿಮಾಡೋಕೆ ಶುರುಮಾಡಿದ್ರೆ, ಅವತ್ತು ಒಬ್ಬರನ್ನೇ ಬಿಟ್ಟು ಹೋಗಬೇಡಿ, ನನಗೆ ಫೋನ್ ಮಾಡಿ, ಆಯ್ತು ಡಾಕ್ಟ್ರೇ ಅಂದಿದ್ದೆ, ಹಗುರಾದರೆ ಒಳ್ಳೆಯದಲ್ಲವೇ ಅಂತ ಮನಸ್ಸಿನಲ್ಲೇ ನಕ್ಕಿದ್ದೆ, ಭಾರ ಅಂದವರು ಹಗುರಾದರೆ — ಅಭ್ಯಾಸ ಆಗುತ್ತೆ, ಯಾವುದು ಅಭ್ಯಾಸ ಆಗುತ್ತೆ, ಏನು ಅಭ್ಯಾಸ ಮಾಡ್ಕೋ ಅಂದ್ರಿ ನನಗೆ, ಈಗ ನೋಡು ಅಂದ್ರಿ, ನೋಡಿದೆನಲ್ಲ, ಇಷ್ಟು ಶುಭ್ರ ಕನ್ನಡಕ ಹಾಕಿಕೊಂಡು ನೋಡಿದೆನಲ್ಲ, ಒಂದೇ ದಿಂಬು, ಬಸ್ಸಿನಲ್ಲಿ ನಕ್ಕೆನಲ್ಲ, ಏಳಬೇಕು, ಓಡಬೇಕು, ಬಸ್ಸಿಗೇ ಮುಕ್ಕಾಲು ಗಂಟೆ, ಅಜ್ಜಿಗೆ ಫೋನ್ ಮಾಡಿದರೆ ಕೇಳಿಸುವುದಿಲ್ಲ, ನಮ್ಮ ಮನೆಯ ಇನ್ನೊಂದು ಬೀಗದ ಕೈ ಅಜ್ಜಿಯ ಹತ್ತಿರವೇ ಇದೆ, ಅಜ್ಜಿಗೆ ಕೇಳಿಸುವುದು ಒಂದೇ ಒಂದು —

ಕೆಂಪು ದೀಪ, ಮೀಸೆ ಕೈ ಬೀಸಿದ, ನಿಮ್ಮ ಬೆಳಗಿನ ಅಕ್ಕ ಅನ್ನುತ್ತಿದೆ ಬಾಯಿ, ತಾನಾಗಿ, ನಗುನಗುತ್ತಾ, ಎದ್ದ ಕೂಡಲೇ — ಎದ್ದ ಕೂಡಲೇ — ಎದ್ದ ಕೂಡಲೇ ಹಾಸಿಗೆ ಸರಿಮಾಡಬೇಡಿ, ಇವತ್ತು ಬೇಡ, ರೀ, ಕೇಳಿಸ್ತಿದೆಯಾ, ಗೋಡೆ ಒಳಗಿಂದ ನಾನೇ, ಕೆದರಿಬಿಡಿ ಅದನ್ನ, ಮತ್ತೆ ಮಲಗಿ, ಗೋಡೆಗೇ ತಿರುಗಿ ಮಲಗಿ, ಗಡ್ಡ ಬೆಳೀಲಿ, ನಾನು ಏಳಿ ಅನ್ನಲ್ಲ ಇನ್ನು, ನೀರು ಕುಡೀರಿ ಅನ್ನಲ್ಲ, ಇರಿ, ಸುಮ್ಮನೆ ಇರಿ ಅಷ್ಟೇ, ಅಜ್ಜೀ, ಎದುರು ಮನೆ ಅಜ್ಜೀ, ಬೀಗದ ಕೈ ತಗೊಂಡು ನಮ್ಮ ಬಾಗಿಲು ತೆಗೀರಿ, ಈಗಲೇ, ಅವರನ್ನ ಒಬ್ಬರನ್ನೇ ಬಿಡಬೇಡಿ — ಮೀಸೆ ಎದ್ದು ನಿಂತಿದ್ದಾನೆ, ಚಹಾ ಚೆಲ್ಲಿ ಮೇಜೆಲ್ಲ ಹರಿಯುತ್ತಿದೆ, ಕೈ ಗುಂಡಿಯ ಮೇಲಿದೆ, ಆರಿಸಬೇಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಅವನು ಆರಿಸುತ್ತಿಲ್ಲ, ನನ್ನನ್ನೇ ನೋಡುತ್ತಾ ಇನ್ನೊಂದು ಕೈಯಲ್ಲಿ ಫೋನ್ ಎತ್ತಿಕೊಂಡಿದ್ದಾನೆ, ಅಜ್ಜಿ ಏಳುತ್ತಿರಬೇಕು, ಮಂಡಿ ಹಿಡಿದುಕೊಂಡು, ಚಪ್ಪಲಿ ಹುಡುಕುತ್ತಾ, ಚಪ್ಪಲಿ ಬೇಡ ಅಜ್ಜೀ, ಬಾಗಿಲು, ನಡುಮನೆ, ಕೋಣೆ, ಸುಕ್ಕಿಲ್ಲದ ಹೊದಿಕೆ, ನಾಲ್ಕೂ ಮೂಲೆ ಸಮ, ನಟ್ಟನಡುವೆ ಒಂದೇ ದಿಂಬು, ಒಂದೇ ದಿಂಬು, ಒಂದೇ