ಪರವಾಗಿಲ್ಲ

ಕಡ್ಡಿಗೆ ಮೊದಲು ಹೊಟ್ಟೆ ಉರಿದದ್ದು ಕಿಟಕಿಗಳನ್ನು ನೋಡಿ. ಹಳೆಯ ಗೆಳತಿ ಬೆಣ್ಣೆಯ ವಿಭಾಗದಲ್ಲಿ ಗೋಡೆಯುದ್ದಕ್ಕೂ ಕಿಟಕಿಗಳು. ತಾನು ಪಾಠ ಮಾಡುವ ಕಾಲೇಜಿನಲ್ಲಿ ರೋಗಿಗಳು ನಡೆಯಲು ಕಲಿಯುವುದು ನೆಲಮಾಳಿಗೆಯಲ್ಲಿ, ಹಗಲಲ್ಲೂ ಟ್ಯೂಬ್‌ಲೈಟ್ ಕೆಳಗೆ.

ಕಡ್ಡಿ, ಬೆಣ್ಣೆ ಎಂಬವು ಇಬ್ಬರೂ ಹಾಸ್ಟೆಲ್‌ನ ಒಂದೇ ಕೋಣೆಯಲ್ಲಿದ್ದಾಗ ಬಿದ್ದ ಹೆಸರುಗಳು. ಒಬ್ಬಳದು ಕಡ್ಡಿ ಮುರಿದಂಥ ಮಾತು, ಇನ್ನೊಬ್ಬಳದು ನುಣುಪು. ಈಗ ಬೆಣ್ಣೆ ಈ ವಿಶ್ವವಿದ್ಯಾಲಯದ ಫಿಸಿಯೋಥೆರಪಿ ಸ್ನಾತಕೋತ್ತರ ವಿಭಾಗದ ಮುಖ್ಯಸ್ಥೆ. ಕಡ್ಡಿ ಆ ಕೋರ್ಸಿನ ಮೌಲ್ಯಮಾಪನಕ್ಕೆ ಬಂದ ಸಮಿತಿಯ ಸದಸ್ಯೆ. ರೋಗಿಗಳ ಜೊತೆ ಪಾಠ ಹೇಗೆ ನಡೆಯುತ್ತದೆಂದು ನೋಡಿ ಐದಕ್ಕೆ ಅಂಕ ಕೊಡುವುದು ಅವಳ ಪಾಲಿನ ಕೆಲಸ. ನಾಲ್ಕಕ್ಕಿಂತ ಕಡಿಮೆ ಬಿದ್ದರೆ ಮುಂದಿನ ವರ್ಷ ಹೊಸ ಪ್ರವೇಶವಿಲ್ಲ.

ಮೂರು ಕೊಡಲು ಒಂದು ಕಾರಣ ಬೇಕಿತ್ತು. ಬೆಳಿಗ್ಗೆಯಿಂದ ಮೊಸರಿನಲ್ಲಿ ಕಲ್ಲು ಹುಡುಕುತ್ತಿದ್ದಳು, ಸಿಕ್ಕಿರಲಿಲ್ಲ.

ಮಂಡಿ ಆಪರೇಷನ್ ಆಗಿದ್ದ ಬಸ್ ಡ್ರೈವರ್ ಒಬ್ಬ ಕುರ್ಚಿಯಲ್ಲಿ ಕೂತಿದ್ದ. ಅವನ ಕಾಲ ಬಳಿ ಹಲಗೆಗೆ ಸ್ಪ್ರಿಂಗ್ ಜೋಡಿಸಿ ಮಾಡಿದ ಪೆಡಲ್. ವಿದ್ಯಾರ್ಥಿನಿ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು.

"ಸ್ಟಾಪ್ ಬಂತು ಅಣ್ಣ, ಕ್ಲಚ್ ಒತ್ತಿ."

"ಇಳಿಯೋರು ಯಾರೂ ಇಲ್ಲಮ್ಮ, ಹೋಗ್ತಾ ಇರೋಣ."

"ನಾನೇ ಇಳೀಬೇಕು. ಒತ್ತಿ."

ಅವನು ಹಲ್ಲು ಕಚ್ಚಿ ಒತ್ತಿದ. ಪೆಡಲ್ ಕೆಳಗಿಳಿಯಿತು. ವಿದ್ಯಾರ್ಥಿಗಳೆಲ್ಲ ನಕ್ಕರು, ಜೊತೆಗೆ ಬೆಣ್ಣೆಯೂ. ಕಡ್ಡಿಯ ಕಾಲೇಜಿನಲ್ಲಿ ಅವಳು ಒಳಗೆ ಬಂದರೆ ಹುಡುಗರು ಕೆಮ್ಮುವುದೂ ಇಲ್ಲ.

"ಪೆಡಲ್ ಯಾರ ಐಡಿಯಾ?" ಎಂದು ಕೇಳಿದಳು ಕಡ್ಡಿ.

"ಆ ಹುಡುಗೀದೇ ಕಣೇ. ಮಂಡಿ ಎಷ್ಟು ಮಡಚುತ್ತೆ ಅಂತ ಅಳೆದು ಹೇಳಿದ್ರೆ ಅವನಿಗೇನು ಬಂತು? ಮತ್ತೆ ಬಸ್ ಓಡಿಸ್ತೀನಾ ಅನ್ನೋದು ಅವನ ಚಿಂತೆ."

ನನ್ನದು ಎಂದು ಕೊಚ್ಚಿಕೊಂಡಿದ್ದರೆ ಒಂದು ಕಲ್ಲಾದರೂ ಸಿಗುತ್ತಿತ್ತು. ಬೆಣ್ಣೆ ಅದಕ್ಕೂ ಅವಕಾಶ ಕೊಡಲಿಲ್ಲ.

"ಹೇಗಿದೆ? ನಿಜ ಹೇಳೇ."

"ಪರವಾಗಿಲ್ಲ," ಎಂದಳು ಕಡ್ಡಿ, ಆರಿಹೋದ ಟೀ ಬಗ್ಗೆ ಹೇಳುವ ಹಾಗೆ.

ಬೆಣ್ಣೆಯ ಕಣ್ಣು ತುಂಬಿತು. "ಏ, ನಿಜವಾಗ್ಲೂ?"

ಕಡ್ಡಿಗೆ ಆಗ ನೆನಪಾಯಿತು. ಅವರಿಬ್ಬರಿಗೂ ಪಾಠ ಹೇಳಿದ್ದ ಮೇಷ್ಟ್ರು ಹೊಗಳಿಕೆಯಲ್ಲಿ ಮಹಾ ಜಿಪುಣರು. ಯಾರು ಏನು ಮಾಡಿದರೂ "ಹೂಂ" ಅಷ್ಟೇ. "ಪರವಾಗಿಲ್ಲ" ಎಂದದ್ದು ಒಂದೇ ಸಲ, ಬೆಣ್ಣೆಗೆ. ಆಮೇಲೆ ಎಷ್ಟೋ ದಿನ ಕಡ್ಡಿ ಒಂದೇ ಕೋಣೆಯಲ್ಲಿದ್ದೂ ಅವಳ ಜೊತೆ ಮಾತು ಬಿಟ್ಟಿದ್ದಳು. ಈಗ ಅದೇ ಮಾತನ್ನು ತನ್ನ ಬಾಯಿಂದಲೇ ಎರಡನೇ ಸಲ ಕೊಟ್ಟಿದ್ದಳು.

"ಮೇಷ್ಟ್ರು ಹೋದ್ಮೇಲೆ ಆ ಮಾತು ಮತ್ತೆ ಕೇಳ್ತೀನಿ ಅಂದ್ಕೊಂಡಿರಲಿಲ್ಲ ಕಣೇ."

"ಅಲ್ಲ, ನಾನು ಹೇಳಿದ್ದು..."

ಬೆಣ್ಣೆ ಆಗಲೇ ವಿದ್ಯಾರ್ಥಿಗಳ ಕಡೆ ತಿರುಗಿದ್ದಳು. "ಕೇಳಿದ್ರೇನ್ರೋ? ಮೇಡಂ ಪರವಾಗಿಲ್ಲ ಅಂದ್ರು!"

ಹುಡುಗರು ಮುಖ ಮುಖ ನೋಡಿಕೊಂಡು ಚಪ್ಪಾಳೆ ತಟ್ಟಿದರು.

"ಇಷ್ಟಕ್ಕೇ ಚಪ್ಪಾಳೇನಾ?" ಎಂದ ಡ್ರೈವರ್. "ನಾನು ಅಡುಗೆಗೆ ಹಾಗಂದ್ರೆ ನನ್ನ ಹೆಂಡತಿ ಸೌಟು ತೋರಿಸ್ತಾಳೆ."

ಸಂಜೆ ಸಮಿತಿಯ ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. "ಪರವಾಗಿಲ್ಲ ಅಂದ್ರಂತಲ್ಲ ಮೇಡಂ. ಹಾಗಾದ್ರೆ ಮೂರು ಹಾಕ್ಲಾ?"

ತಲೆಯಾಡಿಸಿದ್ದರೆ ಸಾಕಿತ್ತು. ಯಾರೂ ಕಾರಣ ಕೇಳುತ್ತಿರಲಿಲ್ಲ. ಆದರೆ ಕಲ್ಲು ಸಿಗದೆ ಮೂರು ಕೊಟ್ಟರೆ, ಪಾಠ ನೋಡಿ ಅಳೆಯಲು ತನಗೆ ಬರುವುದಿಲ್ಲ ಎಂದಂತೆ. ಅದೊಂದರಲ್ಲಾದರೂ ತಾನು ಬೆಣ್ಣೆಗಿಂತ ಮೇಲು ಎಂದು ಕಡ್ಡಿ ನಂಬಿದ್ದಳು. ಅದನ್ನೂ ಅವಳಿಗೆ ಬಿಟ್ಟುಕೊಡಬೇಕೆ?

"ನಾಲ್ಕು ಹಾಕಿ," ಎಂದಳು.

ಕಾರಿನವರೆಗೂ ಬೆಣ್ಣೆ ಬಂದಳು. "ಐದಕ್ಕೆ ನಾಲ್ಕಂತೆ! ಪ್ರವೇಶ ಉಳೀತು. ಇನ್ನೊಂದು ಅಂಕ ಎಲ್ಲಿ ಹೋಯ್ತೇ?"

"ಅದು ನನ್ನ ಹತ್ರ ಇರ್ಲಿ."

ಬೆಣ್ಣೆ ಅದನ್ನು ತಮಾಷೆ ಎಂದುಕೊಂಡು ಜೋರಾಗಿ ನಕ್ಕಳು.